ಗೋಡೆ ಮಟ್ಟದ ಸೀಬೆ ಮರ

ಚಳ್ಳಕೆರೆಯಲ್ಲಿ ಚೌಡಪ್ಪ ಅಂತ ಒಬ್ಬ ದರ್ಜಿ ಇದ್ದ. ಅವನ ಬಾಡಿಗೆ ಮನೆಯ ಹಿತ್ತಲಲ್ಲಿ, ತೀರಿಹೋದ ಹೆಂಡತಿ ನೆಟ್ಟ ಸೀಬೆ ಮರವಿತ್ತು. ಅದು ಕಾಂಪೌಂಡು ಗೋಡೆ ದಾಟಿ ಮಾಳಿಗೆ ಮುಟ್ಟಿತ್ತು. ಹಣ್ಣೆಲ್ಲ ತುದಿಯಲ್ಲೇ.

ಒಂದು ಬೇಸಿಗೆ ಮನೆ ಮಾಲೀಕ ರುದ್ರಮುನಿ ಬಂದು ಕೋಲು ಊರಿ ನಿಂತ.

"ಜಾಗ ನನ್ನದು. ಇನ್ನು ಗೋಡೆಗಿಂತ ಮೇಲಿರೋದೆಲ್ಲ ನನಗೆ, ಕೆಳಗಿರೋದು ನಿನಗೆ. ಒಪ್ಪದಿದ್ದರೆ ಮರಾನೇ ಕಡಿಸ್ತೀನಿ ನೋಡು."

ಚೌಡಪ್ಪ ಮರ ನೋಡಿದ. ಗೋಡೆ ನೋಡಿದ. "ಆಗಲಿ ಸ್ವಾಮಿ" ಅಂದ.

ಮಾರನೇ ಬೆಳಿಗ್ಗೆ ಕೊರಳಿನ ಟೇಪು ತೆಗೆದು ಗೋಡೆ ಅಳೆದ. ಗರಗಸ ಹಿಡಿದು ಮರವನ್ನು ಅದಕ್ಕಿಂತ ಒಂದು ಗೇಣು ಕೆಳಗೇ ಕತ್ತರಿಸಿದ. ಕೊಂಬೆ, ಸೊಪ್ಪು ಎಲ್ಲ ಗಾಡಿಗೆ ಹೇರಿ ರುದ್ರಮುನಿಯ ಬಾಗಿಲಿಗೆ ಸುರಿದ.

"ಗೋಡೆ ಮೇಲಿಂದು ಸ್ವಾಮಿ. ಒಂದೆಲೆನೂ ಇಟ್ಕೊಂಡಿಲ್ಲ."

ರುದ್ರಮುನಿ ನಕ್ಕ. "ಇದ್ದ ಮರಾನೂ ಕೆಡಿಸ್ಕೊಂಡೆಯಲ್ಲೋ ಪೆದ್ದ!"

ಮಳೆಗೆ ಮರ ಚಿಗುರಿತು. ಗೋಡೆ ಮೀರಲು ಹೊರಟ ಚಿಗುರನ್ನೆಲ್ಲ ಚೌಡಪ್ಪ ಚಿವುಟಿದ. ಚಳಿಗಾಲಕ್ಕೆ ಹೊಸ ರೆಂಬೆಗಳ ತುಂಬ ಹಣ್ಣು, ಎಲ್ಲ ಎದೆಮಟ್ಟಕ್ಕೆ. ಬುಟ್ಟಿ ಹಿಡಿದು ಬಂದ ರುದ್ರಮುನಿ ಕತ್ತೆತ್ತಿ ನೋಡಿದ. ಮೇಲೆ ಬರೀ ಆಕಾಶ.

"ಮೋಸ ಮಾಡಿದೆ ನೀನು!"

"ಅಳತೆ ನೀವು ಕೊಟ್ಟಿದ್ದು ಸ್ವಾಮಿ. ನಾನು ದರ್ಜಿ, ಕತ್ತರಿಸಿದೆ."

"ನಾಳೆನೇ ಗೋಡೆ ಇಳಿಸ್ತೀನಿ!"

"ಇಳಿಸಿ. ಮರಾನೂ ಇಳಿಸ್ತೀನಿ. ನಮ್ಮಾಕೆ ಕುಳ್ಳಿ. ಹಣ್ಣು ಕೈಗೆ ಎಟುಕಬೇಕು ಅಂತ ಸಾಯೋವರೆಗೂ ಹೇಳ್ತಿದ್ದಳು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಚೌಡಪ್ಪ ನಿಂತಲ್ಲೇ ಕೈ ಚಾಚಿ ದೊಡ್ಡ ಹಣ್ಣೊಂದನ್ನು ಕಿತ್ತು ರುದ್ರಮುನಿಯ ಖಾಲಿ ಬುಟ್ಟಿಗೆ ಹಾಕಿದ.

"ತಿನ್ನಿ ಸ್ವಾಮಿ. ಆದರೆ ಇದು ಗೋಡೆ ಕೆಳಗಿಂದು, ನೆನಪಿರಲಿ."