ತೂಫಾನನ ಮೊದಲ ಹೆಜ್ಜೆ

ರೇಸ್ ಕುದುರೆ ತೂಫಾನನಿಗೆ ಗೆದ್ದೂ ಗೆದ್ದೂ ಬೇಸರ ಹತ್ತಿತ್ತು. ಸವಾರನ ಸನ್ನೆಗೆ ತಾಳ ತಪ್ಪದೆ ಹೆಜ್ಜೆಯಿಟ್ಟು ದೇಶವಿದೇಶಗಳಲ್ಲಿ ಹೆಸರಾಗಿದ್ದ ಮುದಿ ಹೆಣ್ಣುಕುದುರೆ ಮಂದಾರೆಯ ಬಳಿಗೆ ಹೋಗಿ, “ಅಮ್ಮಾ, ನನಗೂ ಆ ನಡಿಗೆ ಕಲಿಸಿ. ರೇಸು ಬಿಟ್ಟು ಬಂದಿದ್ದೇನೆ,” ಎಂದು ಬೇಡಿಕೊಂಡ.

“ಮೊದಲು ಸುಮ್ಮನೆ ನಿಲ್ಲು,” ಎಂದಳು ಮಂದಾರೆ.

ತೂಫಾನ ನಿಂತ. ನಿಂತಲ್ಲೇ ಗೊರಸು ನೆಲ ಕೆರೆಯಿತು, ಮೈ ಬೆವರಿತು. ಬೇಲಿಯಾಚೆ ಜಟಕಾವೊಂದು ಹೋದದ್ದೇ ತಡ, ಅಂಗಳದುದ್ದಕ್ಕೂ ಓಡಿ ಅದನ್ನು ಹಿಂದೆ ಹಾಕಿದ.

“ಗೆದ್ದೆಯಾ?” ಎಂದಳು ಮಂದಾರೆ.

ತೂಫಾನ ತಲೆ ತಗ್ಗಿಸಿದ. “ನಿಂತರೆ ಸೋತಂತೆ ಅನ್ನಿಸುತ್ತದೆ, ಅಮ್ಮಾ. ಲಾಯಕ್ಕೆ ಹಿಂದಿರುಗೋಣವೆಂದರೆ ನನ್ನ ಜಾಗದಲ್ಲಿ ಆಗಲೇ ಬೇರೆ ಕುದುರೆಯಿದೆ.”

“ಇಲ್ಲಿ ನಿನ್ನನ್ನು ಸೋಲಿಸುವವರು ಯಾರಿದ್ದಾರೆ?”

ತೂಫಾನ ಸುತ್ತ ನೋಡಿದ. ಅಂಗಳ ಖಾಲಿಯಿತ್ತು. ಗೊರಸು ಮಾತ್ರ ಇನ್ನೂ ನೆಲ ಕೆರೆಯುತ್ತಿತ್ತು. ಆ ಕಾಲನ್ನೇ ನಿಧಾನವಾಗಿ ಎತ್ತಿ, ಅಷ್ಟೇ ನಿಧಾನವಾಗಿ ಕೆಳಗಿಟ್ಟ.

“ಇದು ನಿನ್ನ ಮೊದಲ ಹೆಜ್ಜೆ,” ಎಂದಳು ಮಂದಾರೆ.

“ಹಾಗಾದರೆ ಇಷ್ಟು ವರ್ಷ ಓಡಿದ್ದು?”

“ಅದು ಬೇರೆಯವರ ಹೆಜ್ಜೆಗಳನ್ನು ಅಟ್ಟಿಸಿಕೊಂಡು ಹೋದದ್ದು.”