ನಡುಕೊಕ್ಕ

“ಮತ್ತೆ ಬಾಯಿ ಹಾಕಿದೆಯಾ! ಒಂದು ಮಾತನ್ನು ನೆಟ್ಟಗೆ ಮುಗಿಸೋಕೆ ಬಿಡಲ್ವಲ್ಲ ನೀನು!” ಎಂದು ಹೇಂಟೆ ತನ್ನ ಎರಡು ಮರಿಗಳಲ್ಲಿ ಕಿರಿಯದನ್ನು ಗದರಿತು. ಹೊಸ ಹೊಸ ಪದ ಕಟ್ಟುವುದರಲ್ಲಿ ಹೇಂಟೆಯನ್ನು ಮೀರಿಸುವವರು ಆ ಹಿತ್ತಿಲಲ್ಲಿ ಇರಲಿಲ್ಲ. ಕೇಳಿ ನಗಲೆಂದೇ ಬಾತುಕೋಳಿ ದಿನವೂ ಬರುತ್ತಿತ್ತು.

“ಕೇಳು ಬಾತಕ್ಕ, ಕೆದಕುಗುರು ಅಂದರೆ ತಾನು ಒಂದು ಹುಳವನ್ನೂ ಕೆದಕದೆ ನಮಗೆ ಕೆದಕೋ ಪಾಠ ಹೇಳೋ ಹುಂಜ. ನಡುಕೊಕ್ಕ ಅಂದರೆ ದೊಡ್ಡವರ ಮಾತಿನ ನಡುವೆ ಕೊಕ್ಕು ತೂರಿಸೋನು, ಇಗೋ, ಇವನೇ.”

“ಅಮ್ಮಾ, ತಿಪ್ಪೆ ಹತ್ತಿರ ಅಕ್ಕನ ಸುತ್ತ ಒಂದು ನೆರಳು ತಿರುಗ್ತಿದೆ...”

“ನೋಡಿದೆಯಾ? ಇವನಿಗೆ ಇನ್ನೊಂದು ಹೆಸರು ಸಿಕ್ಕಿತು! ನೆರಳುಪುಕ್ಕ: ನೆರಳು ಕಂಡರೂ ಪುಕ್ಕ ಉದುರಿಸಿಕೊಳ್ಳೋನು.”

ಬಾತುಕೋಳಿ ಬಿದ್ದು ಬಿದ್ದು ನಕ್ಕಿತು. ಆ ನಗು ನಿಲ್ಲುವ ಮೊದಲೇ ಹದ್ದು ಎರಗಿ, ತಿಪ್ಪೆಯ ಬಳಿಯಿದ್ದ ಹಿರಿಯ ಮರಿಯನ್ನು ಎತ್ತಿಕೊಂಡು ಹಾರಿತು.

ಮರಿಗಳನ್ನು ರೆಕ್ಕೆಯಡಿಗೆ ಕರೆಯುವ ಕೂಗು ಹೇಂಟೆಯ ಗಂಟಲಿನಿಂದ ಈಗ ಹೊರಟಿತು. ಓಡಿ ಬಂದದ್ದು ಒಂದೇ ಮರಿ. ಹೇಂಟೆ ಅದನ್ನು ರೆಕ್ಕೆಯಡಿಗೆ ಎಳೆದುಕೊಂಡಿತು.

ಮರಿ ರೆಕ್ಕೆಯ ಕೆಳಗಿನಿಂದ ತಲೆ ಹೊರಗೆ ಹಾಕಿ ಕೇಳಿತು: “ಅಮ್ಮಾ, ಮಕ್ಕಳು ಕೂಗಿದರೂ ಕೇಳಿಸಿಕೊಳ್ಳದ ತಾಯಿಗೆ ಏನು ಹೆಸರು ಇಟ್ಟಿದ್ದೀಯ?”