ಕೊಕ್ಕರೆಯ ಓದಿಗೆ ಕಪ್ಪೆಯ ಹಾಡು

ನನಗೆ ಹಕ್ಕಿಗಳ ಭಾಷೆ ನೀರು ಕುಡಿದಷ್ಟು ಸಲೀಸು. ಕಪ್ಪೆಗಳಂತೂ ತಮ್ಮ ಭಾಷೆಯನ್ನು ನನ್ನ ಹತ್ತಿರವೇ ತಿದ್ದಿಸಿಕೊಂಡು ಹೋಗುತ್ತವೆ. ಹಾಗಾಗಿ ಇದನ್ನು ನಂಬಲೇಬೇಕು.

ಮರುದಿನ ಪರೀಕ್ಷೆಯಿದ್ದ ಕೊಕ್ಕರೆಯೊಂದು ಕೆರೆಯ ದಂಡೆಯಲ್ಲಿ ಪುಸ್ತಕ ಇಟ್ಟುಕೊಂಡು, ಒಂದು ಕಾಲಲ್ಲಿ ನಿಂತು, ಇನ್ನೊಂದರಲ್ಲಿ ಕಪ್ಪೆಯನ್ನು ಅದುಮಿ ಹಿಡಿದಿತ್ತು.

“ಒಂದು ಪಾಠ ಓದಿ ಮುಗಿಸಿ ನಿನ್ನನ್ನು ನುಂಗುತ್ತೇನೆ,” ಎಂದಿತು.

“ಆಗಲಿ ಸ್ವಾಮಿ. ಆದರೆ ಹಿನ್ನೆಲೆ ಸಂಗೀತವಿಲ್ಲದೆ ತಮ್ಮಂಥ ಬುದ್ಧಿವಂತರು ಓದುವುದುಂಟೇ?” ಎಂದಿತು ಕಪ್ಪೆ. “ನಾನು ಹಾಡುತ್ತೇನೆ, ತಾವು ಆರಿಸಿ.”

ಕೊಕ್ಕರೆಗೆ ಮಾತು ಹಿಡಿಸಿತು. ಮೊದಲನೆಯ ಹಾಡಿಗೆ ನಿದ್ದೆ ಬಂತು, ಎರಡನೆಯದಕ್ಕೆ ಅಳು. “ಇದರಲ್ಲಿ ಮಾತು ಜಾಸ್ತಿ, ತಲೆಯಲ್ಲಿ ಪಾಠಕ್ಕೆ ಜಾಗ ಎಲ್ಲಿದೆ?” ಎಂದು ಮೂರನೆಯದನ್ನು ತಳ್ಳಿಹಾಕಿತು. ಹೀಗೆ ಹದಿನಾರು ಹಾಡು ಮುಗಿದರೂ ಪುಸ್ತಕ ಮುಚ್ಚಿದಂತೆಯೇ ಇತ್ತು.

ಹದಿನೇಳನೆಯದಕ್ಕೆ ಕೊಕ್ಕರೆ “ಭೇಷ್!” ಎಂದು ತಾಳ ಹಾಕಲು ಕಾಲೆತ್ತಿತು. ನಿಂತಿದ್ದ ಕಾಲನ್ನು ಎತ್ತುವಂತಿರಲಿಲ್ಲವಲ್ಲ, ಅದುಮಿದ್ದ ಕಾಲನ್ನೇ ಎತ್ತಿತು. ಕಪ್ಪೆ ಬುಳುಕ್ಕನೆ ನೀರಿಗೆ ಹಾರಿತು.

“ಲೋ, ನಿಲ್ಲೋ!” ಎಂದು ಕೂಗಿತು ಕೊಕ್ಕರೆ. “ಊಟ ಹೋದರೆ ಹೋಗಲಿ, ಆ ಹಾಡು ಪೂರ್ತಿ ಮಾಡಿ ಹೋಗು. ಈಗ ತಾನೇ ಪುಸ್ತಕ ತೆಗೆಯೋಣ ಅಂತಿದ್ದೆ!”